ಉಸಿರಿನ ಕಾವಲುಗಾರ ಎಡ್ವರ್ಡ್ ಲಾರೀ

ಮುಂಬಯಿಯಿಂದ ಸೊಲ್ಲಾಪುರ, ಕಲಬುರಗಿಗಳ ಮೇಲೆ ರಾಯಚೂರಿಗೆ ಹೋಗುವ ರೈಲು ಶಹಾಬಾದವನ್ನು ದಾಟಿದ ಮೇಲೆ ವಾಡಿಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಮೂಡಲಿಗೆ ಒಂದು ಹಾದಿ ಕವಲೊಡೆದು ಚಿತ್ತಾಪುರ, ಮಳಖೇಡ, ಸೇಡಂಗಳನ್ನು ಹಾಯ್ದು ಹೈದರಾಬಾದನ್ನು ಮುಟ್ಟುತ್ತದೆ. ನಿಜಾಮರ ಸರಕಾರ ಈ ಕವಲನ್ನು ಹಾಕಿಸಿ ೧೮೭೪ರಲ್ಲಿ ತೆರೆಯಿತು. ಹಾಸುಗಲ್ಲಿನ ಗಣಿಗಳು, ತೊಗರಿಯ ಹೊಲಗಳು, ಕಾಗಿಣೆಯ ಕರಿಯ ದಂಡೆಗಳು. ರಾಷ್ಟ್ರಕೂಟರ ಮಾನ್ಯಖೇಟ ಎಂಬ ಹೆಸರನ್ನು ಬಿಟ್ಟರೆ ಹೊರನಾಡಿನವರ ಕಿವಿಗೆ ಬಿದ್ದಂಥದು ಈ ದಾರಿಯಲ್ಲಿ ಹೆಚ್ಚೇನೂ ಇರಲಿಲ್ಲ. ಆದರೂ ೧೮೮೯ರ ಅಕ್ಟೋಬರಿನಲ್ಲಿ ಲಂಡನ್ನಿನ ಹೆಸರಾಂತ ವೈದ್ಯನೊಬ್ಬ ಇದೇ ದಾರಿಯಲ್ಲಿ ಹಾದುಹೋಗಿರಬೇಕು. ಮುಂಬಯಿಯಿಂದ ಹೈದರಾಬಾದಿಗೆ ಅಂದು ಇದ್ದ ರೈಲು ಹಾದಿ ವಾಡಿಯದೇ. ಆತನ ಹೆಸರು ಥಾಮಸ್ ಲಾಡರ್ ಬ್ರಂಟನ್. ಎದೆನೋವಿಗೆ ಅಮೈಲ್ ನೈಟ್ರೈಟನ್ನು ಮೊದಲು ಕೊಟ್ಟು ನೋಡಿದಾತ, ಹೃದಯದ ವ್ಯಾಪಾರವನ್ನು ಬಲ್ಲವನೆಂದು ಯೂರೋಪೆಲ್ಲ ಒಪ್ಪಿದ ಪಂಡಿತ. ಮನುಷ್ಯನಿಗೆ ಕ್ಲೋರೋಫಾರಂ ಕೊಟ್ಟಾಗ ಸಾವು ಬಂದರೆ ಮೊದಲು ನಿಲ್ಲುವುದು ಹೃದಯವೋ ಉಸಿರೋ ಎಂಬ ಒಂದೇ ಪ್ರಶ್ನೆಗಾಗಿ ಆತ ಸಮುದ್ರ ದಾಟಿ ಬಂದಿದ್ದ. ಆತನನ್ನು ಬರಮಾಡಿಕೊಂಡವರು ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರೀ.

ಲಾರೀಯವರ ಜೀವನವನ್ನು ತಿಳಿಯುವ ಮುನ್ನ ಆ ಪ್ರಶ್ನೆಯ ಹಿಂದಿನ ಕಥೆಯನ್ನು ಸ್ವಲ್ಪ ತಿಳಿಯಬೇಕು. ೧೮೪೭ರ ನವೆಂಬರಿನಲ್ಲಿ ಎಡಿನ್‌ಬರೋ ನಗರದ ಸಿಂಪ್ಸನ್ ಎಂಬ ಪ್ರಸೂತಿ ವೈದ್ಯ ಕ್ಲೋರೋಫಾರಂ ಮೂಸಿದರೆ ನೋವು ತಿಳಿಯದ ನಿದ್ರೆ ಬರುತ್ತದೆಂದು ಲೋಕಕ್ಕೆ ಸಾರಿದ. ಜನ ಕೊಂಡಾಡಿದರು. ಮೂರು ತಿಂಗಳು ಕಳೆಯುವುದರೊಳಗೆ, ೧೮೪೮ರ ಜನವರಿಯಲ್ಲಿ, ಇಂಗ್ಲೆಂಡಿನ ಬಡಗು ಸೀಮೆಯಲ್ಲಿ ಹ್ಯಾನಾ ಗ್ರೀನರ್ ಎಂಬ ೧೫ ವರ್ಷದ ಹುಡುಗಿ ಕಾಲ್ಬೆರಳಿನ ಉಗುರು ತೆಗೆಸಿಕೊಳ್ಳಲು ಕುಳಿತವಳು, ಕ್ಲೋರೋಫಾರಂ ಮೂಸಿದ ಕೆಲವೇ ನಿಮಿಷಗಳಲ್ಲಿ ಪ್ರಾಣಬಿಟ್ಟಳು. ಮೊದಲೇ ಹೆದರಿದ್ದ ಹುಡುಗಿ ಅವಳು. ಉಗುರಿಗಾಗಿ ಹೋದ ಆ ಜೀವ ವೈದ್ಯಲೋಕವನ್ನು ಮುಂದಿನ ಅರುವತ್ತು ವರ್ಷ ಕಾಡಿತು.

ಪಂಡಿತರಲ್ಲಿ ಎರಡು ಪಂಗಡಗಳಾದವು. ಲಂಡನ್ನಿನ ಜಾನ್ ಸ್ನೋ ಮತ್ತು ಅವನ ಹಿಂಬಾಲಕರು, ಆವಿ ಗಟ್ಟಿಯಾಗಿ ಒಳಹೊಕ್ಕರೆ ಹೃದಯವೇ ಥಟ್ಟನೆ ಸ್ತಂಭಿಸುತ್ತದೆ, ಆದುದರಿಂದ ನಾಡಿಯ ಮೇಲೆ ಬೆರಳಿರಬೇಕು, ಆವಿಯನ್ನು ಅಳೆದು ಕೊಡಬೇಕು ಎಂದರು. ಎಡಿನ್‌ಬರೋದ ಜೇಮ್ಸ್ ಸೈಮ್ ಎಂಬ ಶಸ್ತ್ರವೈದ್ಯ ಇದಕ್ಕೆ ತಲೆಬಾಗಲಿಲ್ಲ. ನಾಡಿಯನ್ನು ಹಿಡಿದು ಕುಳಿತವನು ಉಸಿರನ್ನು ಮರೆಯುತ್ತಾನೆ. ಉಸಿರನ್ನು ಕಾದವನಿಗೆ ನಾಡಿ ತಾನಾಗಿ ಉಳಿಯುತ್ತದೆ ಎಂಬುದು ಆತನ ಮತ. ಮಡಿಸಿದ ವಸ್ತ್ರದ ಮೇಲೆ ಕ್ಲೋರೋಫಾರಂ ಸುರಿದು ಧಾರಾಳವಾಗಿ ಕೊಡುವುದು, ಗೊರಕೆ ಕೇಳಿದೊಡನೆ ನಾಲಿಗೆಯನ್ನು ಮುಂದಕ್ಕೆ ಎಳೆಯುವುದು. ಇಷ್ಟೇ ಆತನ ಶಾಸ್ತ್ರ. ಆತನ ಅಳಿಯ ಲಿಸ್ಟರನೂ ಇದನ್ನೇ ಎತ್ತಿಹಿಡಿದ. ಆ ಸೈಮನ ಶಿಷ್ಯ ನಮ್ಮ ಲಾರೀ.

೧೮೪೬ರಲ್ಲಿ ಹುಟ್ಟಿದ ಲಾರೀ ಎಡಿನ್‌ಬರೋದಲ್ಲಿ ವೈದ್ಯವನ್ನು ಕಲಿತರು. ಗುರುವಿನ ಶಸ್ತ್ರಗೃಹದಲ್ಲಿ ಕಂಡದ್ದು ಎಳೆಯ ಮನಸ್ಸಿನ ಮೇಲೆ ಅಚ್ಚೊತ್ತಿತು. ಗುರುವಿನ ಮಾತು ಶಿಷ್ಯನಲ್ಲಿ ಬೆಳೆದು ಹೆಮ್ಮರವಾಗುವುದುಂಟು. ಕಲ್ಲಾಗಿ ನಿಲ್ಲುವುದೂ ಉಂಟು. ಲಾರೀಯವರಲ್ಲಿ ಎರಡೂ ಆಯಿತೆಂದು ಹೇಳಬೇಕು. ೧೮೭೨ರಲ್ಲಿ ಭಾರತದ ವೈದ್ಯಕೀಯ ಸೇವೆಗೆ ಸೇರಿ ಈ ದೇಶಕ್ಕೆ ಬಂದರು. ಲಾಹೋರಿನ ವೈದ್ಯ ಕಾಲೇಜಿನಲ್ಲಿ ಶಸ್ತ್ರವೈದ್ಯದ ಅಧ್ಯಾಪಕರಾಗಿದ್ದು, ೧೮೮೫ರಲ್ಲಿ ಹೈದರಾಬಾದಿಗೆ ಬಂದು ನೆಲೆಸಿದರು. ಮುಂದೆ ೧೯೦೧ರ ವರೆಗೆ ಅವರ ಕರ್ಮಭೂಮಿ ಅದೇ.

ಅವರು ಕ್ಲೋರೋಫಾರಂ ಪಕ್ಷವನ್ನು ಅಷ್ಟು ಹಠದಿಂದ ಹಿಡಿದದ್ದಕ್ಕೆ ಗುರುಭಕ್ತಿಯೊಂದೇ ಕಾರಣವಲ್ಲ. ನಮ್ಮ ಸೀಮೆಯ ಬಿಸಿಲನ್ನು ಬಲ್ಲವರಿಗೆ ಇನ್ನೊಂದು ಕಾರಣ ಸುಲಭವಾಗಿ ತಿಳಿದೀತು. ಕ್ಲೋರೋಫಾರಮಿಗೆ ಎದುರಾಳಿಯಾಗಿ ಇದ್ದುದು ಈಥರ್. ಹೃದಯಕ್ಕೆ ಅದು ಸೌಮ್ಯ, ಅದರಲ್ಲಿ ಸಂದೇಹವಿಲ್ಲ. ಆದರೆ ಈಥರ್ ೩೫ ಡಿಗ್ರಿ ಸೆಂಟಿಗ್ರೇಡಿನಲ್ಲೇ ಕುದಿಯುವ ದ್ರವ. ಕಲಬುರಗಿ, ಸೇಡಂಗಳ ವೈಶಾಖದಲ್ಲಿ ೪೦ ಡಿಗ್ರಿಯನ್ನು ಮೀರುವ ಕಾವಿನಲ್ಲಿ ಸೀಸೆಯ ಬಿರಡೆ ತೆಗೆದರೆ ವಸ್ತ್ರದ ಮೇಲೆ ಬೀಳುವುದಕ್ಕಿಂತ ಗಾಳಿಗೆ ಹೋಗುವುದೇ ಹೆಚ್ಚು. ಮೇಲಾಗಿ ಅದು ಬೆಂಕಿಯನ್ನು ಹಿಡಿಯುವ ವಸ್ತು. ಎಣ್ಣೆಯ ದೀಪದ ಬೆಳಕಿನಲ್ಲಿ ಶಸ್ತ್ರ ಹಿಡಿಯುವ ಊರ ದವಾಖಾನೆಯಲ್ಲಿ ಅದನ್ನು ಬಳಸುವವನು ತನ್ನ ಮೀಸೆಯನ್ನೂ ರೋಗಿಯ ಪ್ರಾಣವನ್ನೂ ಒಟ್ಟಿಗೆ ಪಣವಿಟ್ಟಂತೆ. ಕ್ಲೋರೋಫಾರಂ ಕುದಿಯುವುದು ೬೧ ಡಿಗ್ರಿಯಲ್ಲಿ. ಈಥರಿನಂತೆ ಉರಿಯುವುದೂ ಇಲ್ಲ. ಒಂದು ಸೀಸೆ, ಒಂದು ತುಂಡು ಬಟ್ಟೆ ಇದ್ದರೆ ಸಾಕು. ಆದುದರಿಂದ ಲಾರೀಯವರಿಗೆ ಈ ವಾದ ಕೇವಲ ಪುಸ್ತಕದ ವಾದವಾಗಿರಲಿಲ್ಲ. ಕ್ಲೋರೋಫಾರಂ ಹೋದರೆ ಹಿಂದೂಸ್ಥಾನದ ಹಳ್ಳಿಯ ರೋಗಿಗೆ ನೋವಿಲ್ಲದ ಶಸ್ತ್ರಚಿಕಿತ್ಸೆಯೇ ಹೋದಂತೆ ಎಂಬುದು ಕಣ್ಣೆದುರಿನ ಸಂಗತಿ.

ಹೈದರಾಬಾದಿನಲ್ಲಿ ೧೮೪೬ರಿಂದ ಒಂದು ವೈದ್ಯಶಾಲೆ ನಡೆಯುತ್ತಿತ್ತು. ಅಫ್ಜಲ್‌ಗಂಜಿನ ಆಸ್ಪತ್ರೆ ಅದರ ಕರ್ಮಶಾಲೆ. ಅಲ್ಲಿಂದ ತೇರ್ಗಡೆಯಾದವರಿಗೆ ಹಕೀಮ್ ಎಂಬ ಪದವಿ. ಲಾರೀ ಅದರ ಮುಖ್ಯಸ್ಥರಾದ ಮೇಲೆ ಉರ್ದುವಿನ ಬದಲು ಇಂಗ್ಲಿಷಿನಲ್ಲಿ ಪಾಠ ನಡೆಯತೊಡಗಿತು. ಇದು ಸರಿಯೋ ತಪ್ಪೋ ಎಂಬುದು ಬೇರೆ ಮಾತು; ಮುಂದೆ ಅದೇ ನಗರದಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯದವರು ವೈದ್ಯವನ್ನು ಮತ್ತೆ ಉರ್ದುವಿನಲ್ಲಿ ಕಲಿಸಿ ತೋರಿಸಿದರು. ಆದರೆ ಹುಡುಗರನ್ನು ಕೈಹಿಡಿದು ನಡೆಸುವುದರಲ್ಲಿ ಲಾರೀಯವರಿಗೆ ಸಮನಾದವರು ವಿರಳ. ಬೇರೆಡೆ ಅನುಭವಿಗಳಿಗೆ ಮಾತ್ರ ಬಿಡುತ್ತಿದ್ದ ಕ್ಲೋರೋಫಾರಮಿನ ಕೆಲಸವನ್ನು ಅವರು ವಿದ್ಯಾರ್ಥಿಗಳ ಕೈಗೇ ಕೊಟ್ಟರು. ರೋಗಿ ಬೆನ್ನ ಮೇಲೆ ಮಲಗಿರಬೇಕು. ಕೊರಳಿನಲ್ಲಾಗಲಿ ಎದೆಯ ಮೇಲಾಗಲಿ ಬಿಗಿಯಾದ ಬಟ್ಟೆ ಇರಬಾರದು. ಕೊಡುವವನ ಕಣ್ಣು ಶಸ್ತ್ರದ ಕಡೆ ಹೊರಳಕೂಡದು. ಉಸಿರು ಕಟ್ಟಿತೆಂದರೆ ವಸ್ತ್ರವನ್ನು ಬಿಸುಟು ದವಡೆಯನ್ನು ಮೇಲೆತ್ತಬೇಕು, ನಾಲಿಗೆಯನ್ನು ಹೊರಗೆಳೆಯಬೇಕು, ಒಂದು ಕ್ಷಣವೂ ತಡೆಯದೆ ಕೃತಕ ಶ್ವಾಸೋಚ್ಛ್ವಾಸಕ್ಕೆ ತೊಡಗಬೇಕು. ಉಸಿರಿನ ಆಟ ಕಣ್ಣಿಗೆ ಕಾಣಲೆಂದು ಮೂಸುವ ಶಂಕುವಿಗೆ ಅವರು ಒಂದು ಗರಿಯನ್ನು ಕಟ್ಟಿಸಿದರು. ಗರಿ ಅಲುಗುತ್ತಿರುವ ತನಕ ಭಯವಿಲ್ಲ. ಇಷ್ಟು ಸರಳವಾದ ಉಪಾಯವನ್ನು ಅಳತೆಯ ಯಂತ್ರಗಳನ್ನು ಕಟ್ಟಿದ ಲಂಡನ್ನಿನವರು ನಕ್ಕು ಬಿಟ್ಟರು. ಅದು ನಗುವ ವಿಷಯವೆಂದು ನನಗೆ ತೋರುವುದಿಲ್ಲ.

ಈ ಶಾಲೆಯಲ್ಲಿ ಹೆಣ್ಣುಮಕ್ಕಳೂ ಕಲಿತರೆಂಬುದನ್ನು ವಿಶೇಷವಾಗಿ ನೆನೆಯಬೇಕು. ಅವರಲ್ಲಿ ಪಾರಸಿ ಮನೆತನದ ರೂಪಾಬಾಯಿ ಫರ್ದೂನ್‌ಜಿ ೧೮೮೯ರಲ್ಲಿ ತೇರ್ಗಡೆಯಾಗಿ ಹೈದರಾಬಾದಿನ ಆಸ್ಪತ್ರೆಗಳಲ್ಲಿ ಹಲವು ವರ್ಷ ಕ್ಲೋರೋಫಾರಂ ಕೊಡುವ ಕೆಲಸವನ್ನೇ ಮಾಡಿದರು. ಲೋಕದಲ್ಲಿ ಅರಿವಳಿಕೆಯನ್ನು ವೃತ್ತಿಯಾಗಿ ಕೈಗೊಂಡ ಮೊದಲ ಹೆಂಗಸು ಅವರೇ ಎಂದು ಇಂದಿನ ಇತಿಹಾಸಕಾರರು ಬರೆಯುತ್ತಾರೆ. ಪರದೆಯ ಆ ದಿನಗಳಲ್ಲಿ ಹೆಣ್ಣು ರೋಗಿಯ ತಲೆದೆಸೆಯಲ್ಲಿ ಹೆಣ್ಣೇ ಕುಳಿತು ಉಸಿರನ್ನು ಕಾಯುವುದು ಎಷ್ಟು ದೊಡ್ಡ ಧೈರ್ಯವನ್ನು ಕೊಟ್ಟಿರಬೇಕೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು.

ಸಹಸ್ರಾರು ರೋಗಿಗಳಿಗೆ ಈ ರೀತಿಯಲ್ಲಿ ಕೊಟ್ಟು ಒಂದು ಸಾವನ್ನೂ ಕಾಣಲಿಲ್ಲವೆಂಬುದು ಲಾರೀಯವರ ದೊಡ್ಡ ಸಾಕ್ಷ್ಯ. ಆದರೆ ಗ್ಲಾಸ್ಗೋದ ಸಮಿತಿಯೊಂದು ೧೮೮೦ರ ಹೊತ್ತಿಗೆ ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ, ಕ್ಲೋರೋಫಾರಂ ಹೃದಯವನ್ನು ನೇರವಾಗಿ ಕುಗ್ಗಿಸುತ್ತದೆಂದು ತೀರ್ಮಾನಿಸಿತ್ತು. ಅದನ್ನು ಪ್ರಯೋಗದಿಂದಲೇ ಮುರಿಯಬೇಕೆಂದು ಲಾರೀ ನಿಶ್ಚಯಿಸಿದರು. ಆಗ ಗದ್ದುಗೆಯ ಮೇಲಿದ್ದವರು ಆರನೆಯ ನಿಜಾಮ ಮಹಬೂಬ್ ಅಲಿ ಖಾನರು, ಇಪ್ಪತ್ತೆರಡರ ತರುಣ. ಅವರ ಸರಕಾರ ಹಣ ಕೊಟ್ಟಿತು. ೧೮೮೮ರಲ್ಲಿ ಹೆಹಿರ್, ಕೆಲ್ಲಿ, ಶಾಮರೆಟ್ ಎಂಬ ವೈದ್ಯರು ನೂರಕ್ಕೂ ಮಿಕ್ಕ ಬೀದಿನಾಯಿಗಳ ಮೇಲೆ ಕ್ಲೋರೋಫಾರಂ ಪ್ರಯೋಗಿಸಿ ನೋಡಿದರು. ಎಲ್ಲದರಲ್ಲಿಯೂ ಉಸಿರು ಮೊದಲು ನಿಂತಿತು, ಹೃದಯ ಆಮೇಲೆ. ಇದೇ ಮೊದಲ ಹೈದರಾಬಾದ್ ಕ್ಲೋರೋಫಾರಂ ಆಯೋಗ.

೧೮೮೯ರ ಮೊದಲಲ್ಲಿ ವೈದ್ಯಶಾಲೆಯ ಬಹುಮಾನ ಸಮಾರಂಭಕ್ಕೆ ಕನಾಟಿನ ಡ್ಯೂಕ್ ದಂಪತಿಗಳು ಬಂದಿದ್ದರು. ಆ ಸಭೆಯಲ್ಲಿ ಲಾರೀ ತಮ್ಮ ಗೆಲುವನ್ನು ಸಾರಿಯೇ ಬಿಟ್ಟರು: ಹೃದಯದ ಭಯ ಸುಳ್ಳು, ಸೈಮನ ಮಾತೇ ನಿಜ. ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಗೆ ಇದು ಸೇರಲಿಲ್ಲ. ನಾಯಿಗಳ ಮೇಲಿನ ಒಂದು ಪ್ರಯೋಗಕ್ಕೆ ಇಷ್ಟು ದೊಡ್ಡ ಮಾತೇ ಎಂದು ಕೆಣಕಿತು. ಲಾರೀ ಕೆರಳಿದರೆಂದಲ್ಲ, ಹುರುಪುಗೊಂಡರು. ನಿಮ್ಮವನೇ ಒಬ್ಬನನ್ನು ಕಳುಹಿಸಿ, ಆತ ಕಣ್ಣಾರೆ ನೋಡಲಿ, ವೆಚ್ಚ ನಿಜಾಮರದು ಎಂದು ಪಂಥ ಕೊಟ್ಟರು. ಆ ವೆಚ್ಚಕ್ಕಾಗಿ ೧೦೦೦ ಪೌಂಡು ಸಿದ್ಧವಾಯಿತು. ಹೃದಯಸ್ತಂಭನದ ಪಕ್ಷದವನೇ ಆದ ಬ್ರಂಟನನನ್ನು ಪತ್ರಿಕೆ ಆರಿಸಿತು. ಪಂಥ ಕೊಟ್ಟವನಿಗೂ ಪಂಥ ಹಿಡಿದವನಿಗೂ ಇದರಲ್ಲಿ ಗೌರವವೇ ಇದೆ. ತನಗೆ ಪ್ರತಿಕೂಲನಾದ ನ್ಯಾಯಾಧಿಪತಿಯನ್ನು ತನ್ನ ಖರ್ಚಿನಲ್ಲಿ ಮನೆಗೆ ಕರೆಸಿಕೊಳ್ಳುವವರು ವಿದ್ವಾಂಸರಲ್ಲಿ ಎಷ್ಟು ಮಂದಿ?

ಅಕ್ಟೋಬರಿನಿಂದ ಡಿಸೆಂಬರಿನ ವರೆಗೆ ಎರಡನೆಯ ಆಯೋಗ ದುಡಿಯಿತು. ಲಾರೀ ಅಧ್ಯಕ್ಷರು, ಬ್ರಂಟನ್, ಬಾಮ್‌ಫರ್ಡ್, ಹೈದರಾಬಾದಿನ ರುಸ್ತುಂಜಿ ಉಳಿದ ಸದಸ್ಯರು. ನಾಯಿ, ಕೋತಿ, ಕುದುರೆ, ಮೇಕೆ, ಬೆಕ್ಕು, ಮೊಲ. ನಾನೂರಕ್ಕೂ ಮಿಕ್ಕ ಮೂಕ ಪ್ರಾಣಿಗಳು ಆ ಮೂರು ತಿಂಗಳಲ್ಲಿ ಬಲಿಯಾದವು. ರಕ್ತನಾಳಕ್ಕೆ ನಳಿಗೆ ಸೇರಿಸಿ, ರಕ್ತದ ಒತ್ತಡ ಏರಿಳಿಯುವುದನ್ನು ತಿರುಗುವ ಉರುಳೆಯ ಮೇಲೆ ಗೆರೆಯಾಗಿ ಬರೆಯಿಸಿದರು; ಆ ಗೆರೆಗಳ ಛಾಯಾಚಿತ್ರಗಳನ್ನು ತೆಗೆಯಿಸಿದರು. ಹಸಿದ ಪ್ರಾಣಿಗೆ, ಮೇದ ಪ್ರಾಣಿಗೆ, ಹೆದರಿಸಿದ ಪ್ರಾಣಿಗೆ, ರೋಗ ತಗುಲಿಸಿದ ಪ್ರಾಣಿಗೆ ಕೊಟ್ಟು ನೋಡಿದರು. ಉಸಿರನ್ನು ಬಿಗಿಹಿಡಿಸಿ ಬಿಟ್ಟು ನೋಡಿದರು. ಗೆರೆ ಹೇಳಿದ ಕಥೆ ಬಹುಮಟ್ಟಿಗೆ ಒಂದೇ. ಕ್ಲೋರೋಫಾರಂ ಏರಿದಂತೆ ಒತ್ತಡ ಮೆಲ್ಲಮೆಲ್ಲನೆ ಇಳಿಯುತ್ತದೆ, ಉಸಿರು ನಿಲ್ಲುತ್ತದೆ, ಹೃದಯ ಇನ್ನೂ ಕೆಲವು ನಿಮಿಷ ಮಿಡಿಯುತ್ತಿರುತ್ತದೆ. ಆ ಅವಕಾಶದಲ್ಲಿ ಕೃತಕವಾಗಿ ಉಸಿರಾಡಿಸಿದರೆ ಜೀವ ಮರಳುತ್ತದೆ, ತಡವಾದರೆ ಇಲ್ಲ. ಹೆಣಗುವ ರೋಗಿ ಉಸಿರನ್ನು ಕಟ್ಟಿ, ಬಳಿಕ ಒಮ್ಮೆಲೇ ದೀರ್ಘವಾಗಿ ಸೆಳೆದಾಗ ಮಿತಿಮೀರಿದ ಆವಿ ಒಳಹೊಗುತ್ತದೆಂಬುದೂ ಆ ಉರುಳೆಯ ಮೇಲೆ ಕಂಡಿತು. ಇದೊಂದು ಚೊಕ್ಕವಾದ ಶೋಧನೆ, ಇಂದಿಗೂ ತಪ್ಪಲ್ಲ.

ಬ್ರಂಟನನ ಮನಸ್ಸು ತಿರುಗಿತು. ಅಪಾಯವಿರುವುದು ಉಸಿರುಕಟ್ಟುವುದರಲ್ಲಿ ಅಥವಾ ಮಿತಿಮೀರಿದ ಮಾತ್ರೆಯಲ್ಲಿ, ಹೃದಯಕ್ಕೆ ನೇರವಾದ ಅಪಾಯ ಏನೂ ಇಲ್ಲ ಎಂಬ ಅರ್ಥದ ತಂತಿ ಆತನಿಂದ ಲ್ಯಾನ್ಸೆಟ್ ಪತ್ರಿಕೆಗೆ ಹೋಯಿತು. ಲಂಡನ್ನು ಬೆರಗಾಯಿತು. ಲಾರೀಯವರ ಬಾಳಿನ ಶಿಖರ ಇದೇ.

ಶಿಖರದ ಮೇಲೆ ನಿಂತವನಿಗೆ ಕಾಣದೆ ಹೋದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಅದೇ ೧೮೮೯ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಮ್ಯಾಕ್‌ವಿಲಿಯಂ ಎಂಬ ಶರೀರಶಾಸ್ತ್ರಜ್ಞ ಒಂದು ಲೇಖನ ಬರೆದ. ಹಠಾತ್ತಾಗಿ ಸಾಯುವ ಮನುಷ್ಯನ ಹೃದಯ ಸುಮ್ಮನೆ ನಿಂತುಬಿಡುವುದಿಲ್ಲ. ಅದರ ಎಳೆಗಳೆಲ್ಲ ತಾಳತಪ್ಪಿ ತಮ್ಮ ತಮ್ಮಷ್ಟಕ್ಕೆ ನಡುಗುತ್ತವೆ. ನಡುಗುವ ಹೃದಯ ರಕ್ತವನ್ನು ತಳ್ಳಲಾರದು ಎಂದು ಅದರಲ್ಲಿ ತೋರಿಸಿದ. ಹೃತ್ಕುಕ್ಷಿಯ ಕಂಪನವೆಂದು ನಾವಿಂದು ಕರೆಯುವುದು ಇದನ್ನೇ. ಹೈದರಾಬಾದಿನ ಉರುಳೆಗಳು ಬರೆದದ್ದು ಆಳವಾದ ನಿದ್ರೆಯ ಸಾವನ್ನು. ಮನುಷ್ಯರಲ್ಲಿ ಹಲವರು ಸತ್ತದ್ದು ನಿದ್ರೆ ಇನ್ನೂ ಹಗುರವಾಗಿದ್ದಾಗ, ಭಯದಿಂದ ನಡುಗುತ್ತಿದ್ದಾಗ.

ಲಾರೀಯವರ ಗೆಲುವು ಬಹುಕಾಲ ನಿಲ್ಲಲಿಲ್ಲ. ಕೇಂಬ್ರಿಜಿನ ಗ್ಯಾಸ್ಕೆಲ್ ಮತ್ತು ಶೋರ್ ೧೮೯೩ರಲ್ಲಿ ಹೈದರಾಬಾದಿನ ವರದಿಯನ್ನು ಬಿಡಿಬಿಡಿಯಾಗಿ ವಿಮರ್ಶಿಸಿ, ಒತ್ತಡ ಇಳಿಯುವುದರಲ್ಲಿ ಹೃದಯದ ದೌರ್ಬಲ್ಯಕ್ಕೂ ಪಾಲಿದೆ ಎಂದು ತೋರಿಸಿದರು. ಬ್ರಿಟಿಷ್ ವೈದ್ಯ ಸಂಘದ ಸಮಿತಿ ಇಪ್ಪತ್ತೈದು ಸಾವಿರಕ್ಕೂ ಮೇಲ್ಪಟ್ಟ ಅರಿವಳಿಕೆಗಳ ಲೆಕ್ಕವನ್ನು ತೆಗೆದು, ಈಥರಿಗಿಂತ ಕ್ಲೋರೋಫಾರಂ ಹೆಚ್ಚು ಅಪಾಯಕಾರಿ ಎಂದಿತು. ಲಾರೀ ಪ್ರತಿಯೊಂದಕ್ಕೂ ಉತ್ತರ ಬರೆದರು, ಮತ್ತೆ ಪ್ರಯೋಗ ಮಾಡಿದರು, ಮತ್ತೆ ಬರೆದರು. ಕೊನೆಕೊನೆಗೆ ಅವರ ಉತ್ತರಗಳಲ್ಲಿ ಪ್ರಯೋಗಕಾರನ ದನಿಗಿಂತ ವಕೀಲನ ದನಿ ಹೆಚ್ಚಾಯಿತೆಂದು ತೋರುತ್ತದೆ. ಎದುರು ಬಂದ ಪ್ರತಿ ಸಾವಿಗೂ ಅವರಲ್ಲಿ ಒಂದೇ ತೀರ್ಪು: ಕೊಟ್ಟವನು ಉಸಿರನ್ನು ಕಾಯಲಿಲ್ಲ. ಈ ತೀರ್ಪಿನಿಂದ ಸಿದ್ಧಾಂತ ಉಳಿಯುತ್ತದೆ. ಅಪರಾಧವೆಲ್ಲ ಆ ಬಡ ವೈದ್ಯನ ತಲೆಗೆ ಬರುತ್ತದೆ. ಸಾಯುವವನನ್ನು ಕಣ್ಣೆದುರು ಕಂಡು, ಮಾಡಬೇಕಾದುದನ್ನೆಲ್ಲ ಮಾಡಿಯೂ ಸೋತ ಯುವಕ ಡಾಕ್ಟರನಿಗೆ ಇದಕ್ಕಿಂತ ಕಠಿನವಾದ ಮಾತಿಲ್ಲ.

ಇದೇ ಹಠ ಮತ್ತೊಂದೆಡೆಯೂ ಕಾಣಿಸಿಕೊಂಡಿತು. ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಿಯನ್ನು ಕಂಡದ್ದು ೧೮೯೭ರ ಆಗಸ್ಟಿನಲ್ಲಿ. ಅದೇ ವರ್ಷಗಳಲ್ಲಿ, ಕೂಗಳತೆಯ ಹೈದರಾಬಾದಿನಲ್ಲಿದ್ದ ಲಾರೀ ಮಲೇರಿಯಾಕ್ಕೆ ಅಂಥದೊಂದು ಜೀವಿ ಕಾರಣವೆಂಬುದನ್ನೇ ಒಪ್ಪದವರಾಗಿದ್ದರು.

ಹ್ಯಾನಾ ಗ್ರೀನರಳ ಸಾವಿಗೆ ಮನವೊಪ್ಪುವ ವಿವರಣೆ ಸಿಕ್ಕಿದ್ದು ೧೯೧೧ರಲ್ಲಿ. ಲಂಡನ್ನಿನ ಗುಡ್‌ಮನ್ ಲೆವಿ ಎಂಬ ವೈದ್ಯ, ತಾಮಸ್ ಲೂಯಿಸರೊಡನೆ ಸೇರಿ, ಬೆಕ್ಕುಗಳಿಗೆ ಹಗುರವಾಗಿ ಕ್ಲೋರೋಫಾರಂ ಕೊಟ್ಟಾಗ ಹೃದಯದ ತಾಳ ಹೇಗೆ ಕೆಡುತ್ತದೆಂಬುದನ್ನು ಪರಿಶೀಲಿಸಿದ. ಭಯಗೊಂಡ ಶರೀರದಲ್ಲಿ ಅಡ್ರಿನಲಿನ್ ಉಕ್ಕುತ್ತದೆ. ಹಗುರವಾದ ಕ್ಲೋರೋಫಾರಮಿನಿಂದ ಕೆರಳಿರುವ ಹೃದಯಕ್ಕೆ ಅದು ತಾಗಿದರೆ ಮ್ಯಾಕ್‌ವಿಲಿಯಂ ಹೇಳಿದ ಕಂಪನ ಹುಟ್ಟುತ್ತದೆ. ಕ್ಷಣಾರ್ಧದಲ್ಲಿ ನಾಡಿ ಇಲ್ಲ. ಆಳವಾಗಿ ನಿದ್ರಿಸಿದ ನಾಯಿಯಲ್ಲಿ ಇದು ಕಾಣದು. ಎಂದಮೇಲೆ ಹೈದರಾಬಾದಿನವರು ಕಂಡದ್ದು ಸುಳ್ಳಲ್ಲ. ಕಂಡದ್ದೇ ಪೂರ್ತಿ ಎಂದದ್ದು ಸುಳ್ಳು. ಸಾವಿಗೆ ಎರಡು ಬಾಗಿಲುಗಳಿದ್ದವು. ಲಾರೀ ಒಂದರ ಮುಂದೆ ಕಾವಲು ನಿಂತು, ಇನ್ನೊಂದು ಗೋಡೆ ಎಂದರು.

ಈ ಎರಡು ಬಾಗಿಲುಗಳ ಮಾತು ಇಂದಿನ ವೈದ್ಯನಿಗೆ ಹಳೆಯ ಕಥೆಯಲ್ಲ. ಚಿಂಚೋಳಿಯ ಅಥವಾ ಸೇಡಂನ ಒಬ್ಬ ಸಾಮಾನ್ಯ ವೈದ್ಯನನ್ನು ನೆನೆದುಕೊಳ್ಳಿ. ಕಲಬುರಗಿಯ ದೊಡ್ಡ ಆಸ್ಪತ್ರೆಗೆ ವಾಹನದಲ್ಲಿ ಒಂದು ಗಂಟೆಗೂ ಮೇಲ್ಪಟ್ಟ ದಾರಿ. ೨೦೦೮ರಿಂದ ೧೦೮ರ ವಾಹನವೇನೋ ಇದೆ. ಆದರೆ ನಾಡಿ ನಿಂತವನ ಮೆದುಳು ಕಾಯುವುದು ನಾಲ್ಕೈದು ನಿಮಿಷ ಮಾತ್ರ. ತೊಗರಿಯ ಹೊಲದಲ್ಲಿ ಕೀಟನಾಶಕ ಒಳಹೊಕ್ಕವನು, ಕಟ್ಟುಹಾವು ಕಚ್ಚಿ ಎದೆಯ ಸ್ನಾಯುಗಳು ಸೋತವನು, ನೀರು ನಿಂತ ಹಳೆಯ ಗಣಿಯ ಗುಂಡಿಯಲ್ಲಿ ಮುಳುಗಿದವನು. ಇವರಲ್ಲಿ ಮೊದಲು ನಿಲ್ಲುವುದು ಉಸಿರು. ಇಲ್ಲಿ ಲಾರೀಯವರ ಪಾಠ ಅಕ್ಷರಶಃ ಸತ್ಯ: ದವಡೆ ಎತ್ತು, ದಾರಿ ಬಿಡಿಸು, ಉಸಿರು ಕೊಡು. ಹೃದಯ ಇನ್ನೂ ಮಿಡಿಯುತ್ತಿರುವಾಗಲೇ ಉಸಿರು ಸಿಕ್ಕಿದರೆ ಎಷ್ಟೋ ಜನ ಎದ್ದು ಕೂರುತ್ತಾರೆ. ಆದರೆ ವಾಡಿಯ ಕಾರ್ಖಾನೆಯಲ್ಲಿಯೋ ಶಹಾಬಾದದ ಕಲ್ಲುಗಣಿಯಲ್ಲಿಯೋ ದುಡಿಯುತ್ತಿದ್ದ ಐವತ್ತರ ಪ್ರಾಯದವನೊಬ್ಬ ಎದೆ ಹಿಡಿದುಕೊಂಡು ಚಿಕಿತ್ಸಾಲಯದ ಹೊಸ್ತಿಲಲ್ಲೇ ಕುಸಿದನೆನ್ನಿ. ಅಲ್ಲಿ ಮೊದಲು ಕೆಟ್ಟಿರುವುದು ಹೃದಯ; ಬಹುತೇಕ ಮ್ಯಾಕ್‌ವಿಲಿಯಮನ ಕಂಪನವೇ. ಬಾಯಿ ತೆರೆದು ಆಗೊಮ್ಮೆ ಈಗೊಮ್ಮೆ ಏದುವ ಆ ಉಸಿರನ್ನು ನೋಡಿ ಜೀವವಿದೆಯೆಂದು ಕಾಯುತ್ತ ಕುಳಿತರೆ ಹೋದ. ಆ ಏದುಸಿರು ಉಸಿರಲ್ಲ, ಸಾಯುವ ಮೆದುಳಿನ ಕೊನೆಯ ಸೆಳೆತ. ಇಂಥ ಕಡೆ ಗರಿ ಅಲುಗುವುದನ್ನು ನಂಬಬಾರದು.

ಅಲ್ಲಿ ಮಾಡಬೇಕಾದುದು ಈಗ ಎಲ್ಲ ವೈದ್ಯರಿಗೂ ಗೊತ್ತು; ಕೈಗೆ ಅಭ್ಯಾಸವಿದೆಯೇ ಎಂಬುದೇ ಪ್ರಶ್ನೆ. ಕೂಗಿ ನೆರವು ಕರೆದು, ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ನಾಡಿಯನ್ನು ಹುಡುಕದೆ, ರೋಗಿಯನ್ನು ಗಟ್ಟಿಯಾದ ನೆಲದ ಮೇಲೆ ಮಲಗಿಸಿ, ಎದೆಯ ಮೂಳೆಯ ಕೆಳ ಅರ್ಧದ ಮೇಲೆ ಎರಡೂ ಅಂಗೈಗಳನ್ನಿಟ್ಟು ನಿಮಿಷಕ್ಕೆ ೧೦೦ರಿಂದ ೧೨೦ ಸಲ, ೫ರಿಂದ ೬ ಸೆಂಟಿಮೀಟರ್ ಆಳಕ್ಕೆ ಅದುಮಬೇಕು. ಅದುಮಿದ ಎದೆ ಪ್ರತಿ ಸಲವೂ ಪೂರ್ತಿ ಮೇಲೇಳಬೇಕು. ಮೂವತ್ತು ಅದುಮುವಿಕೆಗೆ ಎರಡು ಉಸಿರು. ವಿದ್ಯುದಾಘಾತ ಕೊಡುವ ಯಂತ್ರ ಹತ್ತಿರವಿದ್ದರೆ ಅದನ್ನು ತಂದು ಹಚ್ಚಬೇಕು. ಕಂಪನವನ್ನು ನಿಲ್ಲಿಸುವುದು ಅದೊಂದೇ. ಅದು ತಡವಾಗುವ ಒಂದೊಂದು ನಿಮಿಷಕ್ಕೂ ಬದುಕುವ ಆಸೆ ನೂರಕ್ಕೆ ಏಳರಿಂದ ಹತ್ತರಷ್ಟು ಕರಗುತ್ತದೆ. ಎದೆ ಅದುಮುತ್ತಿದ್ದರೆ ಕರಗುವುದು ನಿಧಾನ. ರಕ್ತನಾಳಕ್ಕೆ ಸೂಜಿ ಸಿಕ್ಕಿದರೆ ಅಡ್ರಿನಲಿನ್ ೧ ಮಿಲಿಗ್ರಾಂ, ಮೂರರಿಂದ ಐದು ನಿಮಿಷಕ್ಕೊಮ್ಮೆ. ಕೆರಳಿದ ಹೃದಯವನ್ನು ಕೊಂದದ್ದು ಯಾವುದೋ, ನಿಂತ ಹೃದಯಕ್ಕೆ ಚುಚ್ಚುವುದೂ ಅದನ್ನೇ! ಇದನ್ನು ಕೇಳಿದ್ದರೆ ಲಾರೀ ಇನ್ನೊಂದು ಆಯೋಗವನ್ನೇ ಕರೆಯುತ್ತಿದ್ದರೇನೋ.

ಎದೆಯನ್ನು ಅದುಮುವ ಈ ಉಪಾಯದ ಮೂಲವೂ ಕ್ಲೋರೋಫಾರಮಿನ ಸಾವುಗಳಲ್ಲಿಯೇ ಇದೆಯೆಂಬುದು ಚರಿತ್ರೆಯ ವಿನೋದ. ಹೈದರಾಬಾದಿನ ಎರಡನೆಯ ಆಯೋಗ ಮುಗಿದು ಎರಡು ವರ್ಷವಾಗಿತ್ತಷ್ಟೆ. ಜರ್ಮನಿಯ ಗ್ಯೋಟಿಂಗೆನ್ ನಗರದ ಆಸ್ಪತ್ರೆಯಲ್ಲಿ ಫ್ರೀಡ್ರಿಖ್ ಮಾಸ್ ಎಂಬ ಕಿರಿಯ ವೈದ್ಯನ ಮುಂದೆ ಕ್ಲೋರೋಫಾರಂ ಪಡೆದ ರೋಗಿಯ ನಾಡಿ ನಿಂತಿತು. ತನ್ನ ಗುರು ಕ್ಯೋನಿಗ್ ಕಲಿಸಿದಂತೆ ಹೃದಯದ ಭಾಗದ ಮೇಲೆ ನಿಧಾನವಾಗಿ ಒತ್ತಿದ, ಫಲವಿಲ್ಲ. ಕಂಗೆಟ್ಟು, ಗಡಿಬಿಡಿಯಲ್ಲಿ, ನಿಮಿಷಕ್ಕೆ ನೂರಿಪ್ಪತ್ತರ ವೇಗದಲ್ಲಿ ಜೋರಾಗಿ ಒತ್ತತೊಡಗಿದ. ನಾಡಿ ಮರಳಿತು. ಇಬ್ಬರು ಎಳೆಯರು ಈ ರೀತಿ ಬದುಕಿದ್ದನ್ನು ಆತ ೧೮೯೨ರಲ್ಲಿ ಪ್ರಕಟಿಸಿದ. ಲೋಕ ಅದನ್ನು ಓದಿ ಮರೆಯಿತು. ಶಸ್ತ್ರವೈದ್ಯರು ಬಹುಕಾಲ ಎದೆಯನ್ನೇ ಸೀಳಿ ಹೃದಯವನ್ನು ಮುಷ್ಟಿಯಲ್ಲಿ ಹಿಂಡುವ ದಾರಿ ಹಿಡಿದರು. ೧೯೬೦ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಕೌವೆನ್‌ಹೋವೆನ್, ಜೂಡ್, ನಿಕರ್‌ಬಾಕರ್ ಎಂಬವರು ಎದೆ ಅದುಮುವುದನ್ನು ಮತ್ತೆ ಕಂಡು ಬಳಕೆಗೆ ತಂದರು. ಅದಕ್ಕೆ ಸ್ವಲ್ಪ ಮುಂಚೆ ಪೀಟರ್ ಸಫಾರ್ ಬಾಯಿಗೆ ಬಾಯಿಟ್ಟು ಉಸಿರು ಕೊಡುವುದೇ ಹಳೆಯ ಕೈ ಎತ್ತಿಳಿಸುವ ಕ್ರಮಗಳಿಗಿಂತ ಮೇಲೆಂದು ತೋರಿಸಿದ್ದ. ಹೈದರಾಬಾದಿನ ಉಸಿರು, ಗ್ಯೋಟಿಂಗೆನ್ನಿನ ಒತ್ತು. ಎರಡೂ ಒಂದೇ ಜೋಡಿ ಕೈಗಳಲ್ಲಿ ಕೂಡಲು ಎಪ್ಪತ್ತು ವರ್ಷ ಬೇಕಾಯಿತು.

ಲಾರೀ ೧೯೦೧ರಲ್ಲಿ ಸೇವೆಯಿಂದ ನಿವೃತ್ತರಾಗಿ ತಾಯ್ನಾಡಿಗೆ ಮರಳಿದರು. ಅದೇ ವರ್ಷ ಕ್ಲೋರೋಫಾರಂ ಕುರಿತ ಅವರ ಕೈಪಿಡಿ ಹೊರಬಂದಿತು. ಅದರಲ್ಲಿಯೂ ಅದೇ ಮತ, ಅದೇ ನಿಶ್ಚಯ. ೧೯೦೮ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದನ್ನು ನುಂಗಿದಾಗ ಅಫ್ಜಲ್‌ಗಂಜಿನ ಆಸ್ಪತ್ರೆಯ ಕಟ್ಟಡ ಕುಸಿದುಹೋಯಿತು. ಮುಂದೆ ನಿಜಾಮರ ಸರಕಾರ ಅಲ್ಲಿ ಉಸ್ಮಾನಿಯಾ ಆಸ್ಪತ್ರೆಯನ್ನು ಕಟ್ಟಿಸಿತು. ಪ್ರಯೋಗ ನಡೆದ ಕೋಣೆ ಹೀಗೆ ಇಲ್ಲವಾಯಿತು. ಲಾರೀ ೧೯೧೫ರಲ್ಲಿ ತೀರಿಕೊಂಡರು. ಕ್ಲೋರೋಫಾರಂ ಮಾತ್ರ ಅವರ ನಂತರವೂ ದಶಕಗಟ್ಟಲೆ ಈ ದೇಶದ ಊರ ದವಾಖಾನೆಗಳ ಕಪಾಟಿನಲ್ಲಿ ಉಳಿದಿತ್ತು. ಅದನ್ನು ವಸ್ತ್ರದ ಮೇಲೆ ಸುರಿಯುತ್ತಿದ್ದವರ ಕಣ್ಣು ರೋಗಿಯ ಎದೆಯ ಏರಿಳಿತದ ಮೇಲೆಯೇ ಇರುತ್ತಿತ್ತು.

ಅವರ ಶಿಷ್ಯೆ ರೂಪಾಬಾಯಿ ೧೯೦೯ರಲ್ಲಿ ಹೆಚ್ಚಿನ ಕಲಿಕೆಗಾಗಿ ಹಡಗು ಹತ್ತಿ ಹೋದರು. ಹೋದದ್ದು ಎಡಿನ್‌ಬರೋ ನಗರಕ್ಕೆ.